ಎರಡು ಪಟಗಳ ರಗಳೆ

ಈ ಹೆಂಗಸಿನಿಂದ ನನಗೆ ಸಾಕುಸಾಕಾಗಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದವಳು ಇನ್ನೂ ನಮ್ಮ ಊಟದ ಟೇಬಲ್ಲು ಬಿಟ್ಟು ಎದ್ದಿಲ್ಲ. ಉಣ್ಣುವುದಿಲ್ಲ, ಮಾತಾಡುವುದಿಲ್ಲ. ಅರ್ಧ ಮೈ ಆ ಕಡೆ ತಿರುಗಿಸಿ, ಕಣ್ಣು ಮಾತ್ರ ಈ ಕಡೆ ಹೊರಳಿಸಿ ಕೂತಿದ್ದಾಳೆ. ನಾನು ಮೆಂತ್ಯೆ ಸೊಪ್ಪು ಬಿಡಿಸುವಾಗಲೂ ನೋಡುತ್ತಾಳೆ, ಬಿಪಿ ಮಾತ್ರೆ ನುಂಗುವಾಗಲೂ ನೋಡುತ್ತಾಳೆ. ನಮ್ಮ ಮನೆಯವರು ಮಾತ್ರ ಅವಳಿಗೆ ಚೆನ್ನಾಗಿ ಹೊಂದಿಕೊಂಡಿದ್ದಾರೆ. ಬೆಳಗ್ಗೆ ಎದ್ದವರೇ ಚಹಾದ ಕಪ್ಪನ್ನು ನೇರವಾಗಿ ಅವಳ ಎದೆಯ ಮೇಲೆ ಇಡುತ್ತಾರೆ. ನಾನು ಕೂಗಾಡಿದರೆ, "ಕಾಗದ ಅಲ್ಲೇನು, ಒರಸಿದ್ರ ಹೋಗ್ತದ" ಅನ್ನುತ್ತಾರೆ. ಹೋಗುವುದಿಲ್ಲ. ಅವಳ ಕಸೂತಿ ಕಾಲರಿನ ಮೇಲೆ ಚಹಾದ ಉಂಗುರಗಳು ಒಂದರ ಮೇಲೊಂದು ಕೂತಿವೆ.

ನೀವು ಗಾಬರಿಯಾಗುವ ಮೊದಲೇ ಹೇಳಿಬಿಡುತ್ತೇನೆ, ಅವಳು ಚಿತ್ರದ ಹೆಂಗಸು. ಯುರೋಪಿನವಳು, ಹದಿನೇಳನೆಯ ಶತಮಾನದವಳು. ಬರೋಕ್ ಎಂದು ಕರೆಯುವ ಆ ಕಾಲದಲ್ಲಿ ಯಾರೋ ಒಬ್ಬ ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಭಾವಚಿತ್ರ. ನನ್ನ ಹತ್ತಿರ ಇರುವುದು ಅದನ್ನು ದೊಡ್ಡದು ಮಾಡಿದ ಪ್ರತಿ. ಇವಳ ಬಗ್ಗೆ ನಾನು ಒಂದು ಪ್ರಬಂಧ ಬರೆದುಕೊಡಬೇಕು. ಬರೆದು ಮುಗಿಯುತ್ತಿಲ್ಲ, ಅದಕ್ಕೇ ಅವಳು ಏಳುತ್ತಿಲ್ಲ.

ನಿವೃತ್ತಿಯಾದ ಹೆಂಗಸಿಗೆ ಪುಣೆಯಲ್ಲಿ ಉಪದೇಶಕ್ಕೇನೂ ಬರವಿಲ್ಲ. ನಾನು ಟೆಲಿಫೋನ್ ಆಫೀಸಿನಿಂದ ಹೊರಗೆ ಬಿದ್ದದ್ದೇ ತಡ, ನಮ್ಮ ವಾಕಡದ ಸೊಸೈಟಿಯಲ್ಲಿ ಒಬ್ಬರು ಯೋಗ ಅಂದರು, ಒಬ್ಬರು ಭಜನಾ ಮಂಡಳಿ ಅಂದರು, ಕೆಳಗಿನ ಮನೆಯಾಕೆ ಕುಂಡಗಳಲ್ಲಿ ಟೊಮ್ಯಾಟೊ ಬೆಳೆಸಿ ಅಂದಳು. ಇವರಿಂದ ತಪ್ಪಿಸಿಕೊಳ್ಳಬೇಕು ಅಂತಲೇ ನಾನು ಶನಿವಾರದ ಒಂದು ಕಲಾ ತರಗತಿಗೆ ಹೆಸರು ಹಚ್ಚಿದೆ. ಅದು ಇರುವುದು ಊರೊಳಗಿನ ಹಳೆಯ ಪೇಟೆಯಲ್ಲಿ. ವಾಕಡದಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಕಲೆಯ ಮೇಲಿನ ಪ್ರೀತಿ ಅರ್ಧ ಇಳಿದಿರುತ್ತದೆ. ಉಳಿದ ಅರ್ಧವನ್ನು ನಮ್ಮ ಮ್ಯಾಡಮ್ ಇಳಿಸುತ್ತಾರೆ.

ಮ್ಯಾಡಮ್ ಅಂದರೆ ನಮಗೆ ಕಲಿಸುವ ಮರಾಠಿ ಹುಡುಗಿ. ನನ್ನ ಮಗಳಾಗುವ ವಯಸ್ಸು, ನನ್ನನ್ನು 'ಕಾಕೂ' ಅನ್ನುತ್ತಾಳೆ, ಆದರೆ ಕೈಯಲ್ಲಿ ಕೆಂಪು ಪೆನ್ನು ಇದ್ದಾಗ ಯಾರ ಮುಲಾಜೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಹಂಚಿ 'ರೂಪ ವಿಶ್ಲೇಷಣೆ' ಮಾಡಿಕೊಂಡು ಬನ್ನಿ ಅಂದಳು. ಅಂದರೆ ಏನು? ಚಿತ್ರದಲ್ಲಿ ಗೆರೆ ಹೇಗಿದೆ, ಬೆಳಕು ಎಲ್ಲಿಂದ ಬಂದಿದೆ, ನೆರಳು ಎಲ್ಲಿ ಬಿದ್ದಿದೆ, ಯಾವ ಆಕಾರ ಎಲ್ಲಿ ಕೂತಿದೆ, ಇಷ್ಟು ಮಾತ್ರ ಹೇಳಬೇಕು. ಆ ಹೆಂಗಸು ಯಾರು, ಯಾರ ಮಗಳು, ಯಾರ ಹೆಂಡತಿ, ಅವಳ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಹೇಳಕೂಡದು. ನಾವು ಕದ್ದು ಹುಡುಕಬಾರದು ಅಂತ ಚಿತ್ರದ ಕೆಳಗಿನ ಕಲ್ಲಿನ ಕಟ್ಟೆಯ ಮೇಲೆ ಬರೆದಿದ್ದ ಹೆಸರಿಗೂ ಬಿಳಿ ಪಟ್ಟಿ ಅಂಟಿಸಿದ್ದಳು.

ಇದೆಂಥ ಶಿಕ್ಷೆ ಎಂಬುದು ನಮ್ಮ ಕಡೆಯವರಿಗಷ್ಟೇ ಗೊತ್ತು. ನಮ್ಮವರು ಆಳಂದದ ಕಡೆಯವರು. ಅಪ್ಪ ಖಡಕಿಯ ಕಾರ್ಖಾನೆಗೆ ಕೆಲಸಕ್ಕೆ ಸೇರಿ, ನಾನು ಅಲ್ಲೇ ಹುಟ್ಟಿ ಬೆಳೆದೆ. ಖಡಕಿಯ ಚಾಳಿನಲ್ಲಿ ಹೊಸ ಹೆಂಗಸು ಯಾರಾದರೂ ನೀರಿಗೆ ಬಂದರೆ, ಆಕೆಯ ಕೊಡ ತುಂಬುವುದರೊಳಗೆ ನಮ್ಮವ್ವ ಆಕೆಯ ತವರು, ಗಂಡನ ಮನೆ, ಭಾವ ಮೈದುನರು, ಹೊಲ ಎಷ್ಟು, ಮಕ್ಕಳಿಗೆ ಯಾವ ಔಷಧ ನಡೆದಿದೆ ಎಲ್ಲ ಕೇಳಿ ಮುಗಿಸಿರುತ್ತಿದ್ದಳು. ಬಸ್ಸಿನಲ್ಲಿ ಕನ್ನಡದ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, "ಯಾವೂರ್ರೀ ನಿಮ್ದು?" ಎಂದು ಸೀಟು ಬದಲಿಸಿ ಹೋಗಿ ಕೂರುತ್ತಿದ್ದಳು. ನಾನು ಆಕೆಯ ಮಗಳು. ನನ್ನ ಮುಂದೆ ಒಬ್ಬ ಹೆಂಗಸನ್ನು ತಂದು ಕೂರಿಸಿ, ಆಕೆ ಯಾರು ಅಂತ ಕೇಳಬೇಡ, ಮೂಗಿನ ನೆರಳು ನೋಡು ಅಂದರೆ ನಾನು ಏನು ಮಾಡಬೇಕು?

ನಾನು ಬರೆದೆ. ಈಕೆ ಒಳ್ಳೆಯ ಮನೆತನದವಳು, ಗಂಡ ಬಹುಶಃ ಊರಲ್ಲಿಲ್ಲ, ಗಲ್ಲ ತುಂಬಿಕೊಂಡದ್ದು ನೋಡಿದರೆ ಈಚೆಗೆ ಬಾಣಂತನ ಆಗಿರಬೇಕು, ತುಟಿ ಬಿಗಿ ಹಿಡಿದದ್ದು ನೋಡಿದರೆ ಅತ್ತೆ ಇನ್ನೂ ಇದ್ದಾಳೆ. ಎರಡು ಪುಟ ತುಂಬಿತು. ಓದಿದಾಗ ನನಗೇ ಹೆಮ್ಮೆಯಾಯಿತು. ಮುಂದಿನ ಶನಿವಾರ ಕಾಗದ ವಾಪಸು ಬಂದಾಗ ಅದರ ಉದ್ದಕ್ಕೂ ಕೆಂಪು ಗೆರೆ. ಪ್ರತಿ ಸಾಲಿನ ಪಕ್ಕದಲ್ಲೂ ಒಂದೇ ಪ್ರಶ್ನೆ, "ಹೇ ಕುಠೇ ದಿಸತಂಯ?" ಇದು ಎಲ್ಲಿ ಕಾಣಿಸುತ್ತಿದೆ? ಅತ್ತೆ ಎಲ್ಲಿ ಕಾಣಿಸುತ್ತಿದ್ದಾಳೆ, ಬಾಣಂತನ ಎಲ್ಲಿ ಕಾಣಿಸುತ್ತಿದೆ? "ಕಾಕೂ, ಫಕ್ತ ಬಘಾ," ಅಂದಳು. ಸುಮ್ಮನೆ ನೋಡಿ ಸಾಕು. ನಾನೇನು ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಬದುಕಿದ್ದೆನೇ ಅಂತ ಸಿಟ್ಟು ಬಂತು. ಬಸ್ಸಿನಲ್ಲಿ ವಾಕಡ ಮುಟ್ಟುವ ತನಕ ಮನಸ್ಸಿನಲ್ಲೇ ಅವಳ ಜೊತೆ ಜಗಳಾಡಿದೆ. ಹಿಂಜವಡಿ ಕಡೆಯ ವಾಹನ ದಟ್ಟಣೆಯ ಕೃಪೆಯಿಂದ ಜಗಳಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು.

ಹಟಕ್ಕೆ ಬಿದ್ದು ನೋಡತೊಡಗಿದೆ. ನಮ್ಮ ಮನೆಯವರು ಪೇಪರಿನ ಸಣ್ಣ ಅಕ್ಷರ ಓದುವ ಭೂತಗನ್ನಡಿ ತಂದು ಹಿಡಿದರೆ, ಹೆಂಗಸು ಮಾಯ! ಬರೀ ಗೆರೆ. ಗಲ್ಲ ಅನ್ನುವುದು ಇಲ್ಲವೇ ಇಲ್ಲ, ಗಲ್ಲದ ಉಬ್ಬಿಗೆ ತಕ್ಕಂತೆ ಬಾಗಿದ ಗೆರೆಗಳು ಇವೆ. ಒಂದು ಗೆರೆ ಕೂದಲಿನಷ್ಟು ಸಣ್ಣಗೆ ಶುರುವಾಗಿ, ನೆರಳಿಗೆ ಬಂದಾಗ ದಪ್ಪವಾಗಿ, ಬೆಳಕಿಗೆ ಬಂದಾಗ ಮತ್ತೆ ಸಣ್ಣಗಾಗಿ, ಕೊನೆಗೆ ಎರಡು ಮೂರು ಚುಕ್ಕೆಯಾಗಿ ಕಾಗದದ ಬಿಳಿಯೊಳಗೆ ಮುಗಿದುಹೋಗುತ್ತದೆ. ಹಣೆಯ ಮೇಲಿನ ಬೆಳಕು ಅಂತ ನಾನು ತಿಳಿದದ್ದು ಬಣ್ಣವಲ್ಲ, ಅಲ್ಲಿ ಅವನು ಏನೂ ಮಾಡಿಲ್ಲ, ಕಾಗದವನ್ನು ಹಾಗೇ ಬಿಟ್ಟಿದ್ದಾನೆ. ಗದ್ದದ ಕೆಳಗೆ ಗೆರೆಯ ಮೇಲೆ ಅಡ್ಡ ಗೆರೆ ಹಾಕಿ, ಆ ಚೌಕಗಳ ನಡುವೆ ಒಂದೊಂದು ಚುಕ್ಕೆ ಇಟ್ಟು ಕತ್ತಲು ಮಾಡಿದ್ದಾನೆ. ಹಿಂದಿನ ಗೋಡೆಗೆ ಉದ್ದುದ್ದ ನೇರ ಗೆರೆ, ತೋಳಿನ ರೇಷ್ಮೆಗೆ ಬಾಗಿದ ಗೆರೆ, ಕೂದಲಿಗೆ ಸುರುಳಿ ಗೆರೆ. ಸುತ್ತಲೂ ಮೊಟ್ಟೆಯಾಕಾರದ ಕಲ್ಲಿನ ಚೌಕಟ್ಟು, ಅದೂ ಗೆರೆಯದೇ.

ಗೆರೆ ಕೊರೆಯುವುದು ಅಂದಾಗ ನನಗೆ ನೆನಪಾದದ್ದು ಯುರೋಪಲ್ಲ, ತುಳಶೀಬಾಗಿನ ಭಾಂಡೆ ಅಂಗಡಿ. ಅಲ್ಲಿ ಪಾತ್ರೆ ಕೊಂಡರೆ ಹೊರಗೆ ಕೂತವನು ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಟಕಟಕ ಅಂತ ಹೆಸರು ಹೊಡೆದುಕೊಡುತ್ತಿದ್ದ. ಚಾಳಿನ ಮದುವೆ ಮುಂಜಿಗಳಲ್ಲಿ ಎಲ್ಲರ ಮನೆಯ ಪಾತ್ರೆಗಳೂ ಕಲೆತುಹೋಗುತ್ತಿದ್ದುದರಿಂದ ಅವ್ವ ಒಂದು ಚಮಚವನ್ನೂ ಹೆಸರಿಲ್ಲದೆ ಮನೆಗೆ ತರುತ್ತಿರಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ, ಅದೂ ಮರಾಠಿ ಅಕ್ಷರ. ಕಾರ್ಯ ಮುಗಿದ ಮೇಲೆ ತೊಳೆದಿಟ್ಟ ತಾಟುಗಳ ರಾಶಿಯ ಮುಂದೆ ಕೂತು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ನಮ್ಮದು, ನಮ್ಮದಲ್ಲ, ನಮ್ಮದು ಅಂತ ಬೇರೆ ಮಾಡುತ್ತಿದ್ದಳು. ಒಮ್ಮೆ ನೆರೆಯಾಕೆ ಒಂದು ಗಂಗಾಳಕ್ಕಾಗಿ ತಕರಾರು ತೆಗೆದಾಗ ಅವ್ವ ಅದನ್ನು ಎತ್ತಿ ಆಕೆಯ ಮುಖದ ಮುಂದೆ ಹಿಡಿದು, "ಕಣ್ಣಿದ್ರ ಓದು, ಇಲ್ಲಂದ್ರ ಮುಟ್ಟಿ ನೋಡು" ಅಂದದ್ದು ಇಡೀ ಚಾಳಿಗೆ ಕೇಳಿಸಿತ್ತು. ಇದನ್ನೂ ನಾನು ಪ್ರಬಂಧದಲ್ಲಿ ಸೇರಿಸಿದೆ. ಮ್ಯಾಡಮ್ ಅದನ್ನೂ ಹೊಡೆದುಹಾಕಿದಳು.

ಅವಳು ಹೊಡೆಯದೆ ಬಿಟ್ಟದ್ದು ಒಂದೇ ಒಂದು ಸಾಲು. ಹೆಂಗಸಿನ ಕೊರಳಲ್ಲಿ ಮುತ್ತಿನ ಸರವಿದೆ, ಬೆಳಕು ನಮ್ಮ ಎಡಗಡೆಯಿಂದ ಬಂದಿದೆ, ಮೂಗಿನ ನೆರಳು ಯಾವ ಕಡೆ ಬಿದ್ದಿದೆಯೋ ಪ್ರತಿ ಮುತ್ತಿನ ನೆರಳೂ ಅದೇ ಕಡೆ ಬಿದ್ದಿದೆ, ಅಂತ ಬರೆದಿದ್ದೆ. ಅದರ ಪಕ್ಕ ಒಂದು ಕೆಂಪು ಸರಿ ಗುರುತು! ನಾನು ಅದನ್ನು ನಮ್ಮ ಮನೆಯವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಬಿಸಲು ಒಂದೇ ಕಡಿಯಿಂದ ಬರ್ತದಲ್ಲ, ಅದರಾಗೇನದ ಹೊಸಾದು?" ಅಂದರು. ಇಂಥವರ ಜೊತೆ ಸಂಸಾರ ಮಾಡಿದ್ದೇನೆ ನೋಡಿ.

ಅದೇ ತರಗತಿಯಲ್ಲಿ ಮ್ಯಾಡಮ್ ಇನ್ನೊಂದು ಸಂಗತಿ ಹೇಳಿದಳು. ಆ ಕಾಲದ ಕೆಲವರು ತಾಮ್ರದ ತಗಡನ್ನು ಸುಮ್ಮನೆ ಎಸೆಯುತ್ತಿರಲಿಲ್ಲವಂತೆ. ಚೌಕಟ್ಟು, ಬಟ್ಟೆ, ಒಡವೆ, ಮೈ ಎಲ್ಲ ಹಾಗೇ ಉಳಿಸಿ, ತಲೆಯನ್ನಷ್ಟೇ ಉಜ್ಜಿ ಅಳಿಸಿ, ಅಲ್ಲಿ ಬೇರೆಯವರ ತಲೆ ಕೊರೆದು ಮತ್ತೆ ಅಚ್ಚು ಹಾಕಿ ಮಾರುತ್ತಿದ್ದರಂತೆ. ನಾನು ತರಗತಿಯಲ್ಲೇ ಥೂ ಅಂದೆ. ಬೇರೆಯವರ ಮೈಗೆ ನಮ್ಮ ತಲೆ ಹಚ್ಚಿದರೆ ಯಾರು ಸುಮ್ಮನಿರುತ್ತಾರೆ ಅಂತ ಕೇಳಿದೆ. ಮ್ಯಾಡಮ್ ನಕ್ಕು, ಹೆಚ್ಚಿನವರಿಗೆ ಗೊತ್ತೇ ಆಗುತ್ತಿರಲಿಲ್ಲ ಅಂದಳು.

ಆ ಸಂಜೆಯೇ ನನ್ನ ತಮ್ಮ ಮಲ್ಲು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಪಟ ಕಳಿಸಿದ.

ಇಲ್ಲಿ ಒಂದು ವಿಷಯ ಹೇಳಬೇಕು. ಅವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಪೂಜೆಯ ದಿನ ಖಡಕಿಯ ಮನೆಯ ಗೋಡೆಗೆ ಅವಳ ಪಟ ಏರಬೇಕು. ಆದರೆ ಅವ್ವನ ಫೋಟೋ ಎಲ್ಲಿದೆ? ಕ್ಯಾಮೆರಾ ಕಂಡರೆ ಅವಳು ಒಳಗೆ ಓಡುವವಳು. ಮೊಬೈಲು ಬಂದ ಮೇಲೆ ಓಡಲು ಆಗದೆ ಕೈ ಅಡ್ಡ ಹಿಡಿಯತೊಡಗಿದಳು. ನಮ್ಮೆಲ್ಲರ ಫೋನಿನಲ್ಲಿ ಅವ್ವನ ಅಂಗೈಯ ಒಳ್ಳೊಳ್ಳೆ ಚಿತ್ರಗಳಿವೆ. ಆಧಾರ್ ಕಾರ್ಡಿನಲ್ಲಿ ಒಂದು ಮುಖವಿದೆ, ಆದರೆ ಆಧಾರ್ ಕಾರ್ಡಿನಲ್ಲಿ ಯಾರು ತಾನೇ ತಮ್ಮ ಹಾಗೆ ಕಾಣುತ್ತಾರೆ? ಉಳಿದದ್ದು ಒಂದೇ. ಕಾಕನ ಮಗನ ಮದುವೆಯಲ್ಲಿ ಫೋಟೋದವನು ಅವಳಿಗೆ ಗೊತ್ತಾಗದಂತೆ ತೆಗೆದದ್ದು. ಕಲ್ಯಾಣ ಮಂಟಪದ ಬಾಗಿಲಿನ ಹತ್ತಿರ ನಿಂತು ಅವ್ವ ಬಡಿಸುವವರಿಗೆ ಏನೋ ಬೈಯುತ್ತಿದ್ದಾಳೆ. ಮುಖ ಅರ್ಧ ತಿರುಗಿದೆ, ಹುಬ್ಬು ಗಂಟಿಕ್ಕಿದೆ, ಬಾಯಿ ತೆರೆದಿದೆ. ಬಾಗಿಲಿನ ಬಿಸಿಲು ಗಲ್ಲದ ಮೇಲೆ ಬಿದ್ದು, ಸಣ್ಣವಳಿದ್ದಾಗ ಬೀಸುವ ಕಲ್ಲಿನ ಗೂಟ ಬಡಿದು ಆದ ಹುಬ್ಬಿನ ಗಾಯದ ಗುರುತು ಸ್ಪಷ್ಟ ಕಾಣುತ್ತದೆ. ಆ ಫೋಟೋ ನೋಡಿದರೆ ಅವಳ ದನಿ ಕೇಳಿಸುತ್ತದೆ. ಇನ್ನು ಮುಂದೆ ಹುಟ್ಟುವ ಮಕ್ಕಳಿಗೆ ನಮ್ಮವ್ವ ಅಂದರೆ ಗೋಡೆಯ ಮೇಲಿನ ಆ ಪಟವೇ. ಅದು ತಪ್ಪಾದರೆ ಅವ್ವನೇ ತಪ್ಪಾಗಿ ಉಳಿದುಬಿಡುತ್ತಾಳೆ ಎಂಬುದು ನನ್ನ ಹೆದರಿಕೆ.

ಮಲ್ಲು ಕಳಿಸಿದ ಪಟದಲ್ಲಿ ಒಬ್ಬ ಬೆಳ್ಳನೆಯ ಹೆಂಗಸು ಮುಗುಳ್ನಗುತ್ತಿದ್ದಳು. ಗುಂಪಿನಲ್ಲಿ ಕಾಕಂದಿರು, ಸೋದರತ್ತೆಯರು ಸಾಲಾಗಿ ಕೈ ಮುಗಿದಿದ್ದರು. "ಸಾಕ್ಷಾತ್ ಮಹಾಲಕ್ಷ್ಮಿ" ಅಂತ ಒಬ್ಬರು, "ಕಣ್ಣಾಗ ನೀರ ಬಂತು" ಅಂತ ಇನ್ನೊಬ್ಬರು. ನನಗೂ ನೀರು ಬಂತು, ಬೇರೆ ಕಾರಣಕ್ಕೆ. ಭೂತಗನ್ನಡಿ ಕೈಯಲ್ಲೇ ಇತ್ತು. ಮುಖ ಆ ಮದುವೆಯ ಫೋಟೋದ್ದೇ. ಬೈಯುವ ಬಾಯಿಯನ್ನು ಮುಚ್ಚಿ ನಗಿಸಿದ್ದಾರೆ. ಹುಬ್ಬಿನ ಗುರುತು ಇಲ್ಲ, ಹಣೆಯ ಗೆರೆ ಒಂದೂ ಇಲ್ಲ, ಬಣ್ಣ ಹಾಲಿನಲ್ಲಿ ತೊಳೆದ ಹಾಗಿದೆ. ಕುತ್ತಿಗೆಯ ಕೆಳಗೆ ಇದ್ದದ್ದಂತೂ ನಮ್ಮವ್ವ ಅಲ್ಲವೇ ಅಲ್ಲ. ಜನ್ಮವಿಡೀ ಇಳಕಲ್ ಸೀರೆ ಉಟ್ಟವಳಿಗೆ ಜರಿಯ ಪೈಠಣಿ. ತಾಳಿ ಬಿಟ್ಟರೆ ಕೊರಳಲ್ಲಿ ಏನೂ ಇಲ್ಲದವಳಿಗೆ ಬಂಗಾರದ ಮಣಿಗಳ ಬೋರಮಾಳ, ಅದರ ಕೆಳಗೆ ನಾಣ್ಯಗಳ ಪುತಳಿ ಸರ. ಮೂಗಿನ ನೆರಳು ಒಂದು ಕಡೆ, ಸರದ ನೆರಳು ಇನ್ನೊಂದು ಕಡೆ. ಕೂಡಲೇ ಫೋನು ಮಾಡಿದೆ.

"ಅಕ್ಕಾ, ನೋಡಿದಿ? ಹ್ಯಾಂಗ ಬಂದದ?" ಅಂದ ಮಲ್ಲು, ಖುಷಿಯಿಂದ.

"ಯಾರ್ದೋ ಇದು?"

"ಹಾಂಗಂದ್ರ? ಅವ್ವಂದು!"

"ಮೂಗಿನ ನೆರಳು ಈ ಕಡಿ, ಸರದ ನೆರಳು ಆ ಕಡಿ. ಅವ್ವಗ ಇಬ್ಬರು ಸೂರ್ಯಾರೇನೋ?"

"ಯಕ್ಕಾ, ನೆರಳು ಯಾರು ನೋಡ್ತಾರ?"

"ನಾ ನೋಡ್ತೀನಿ."

"ನೀ ಮೊದಲ ಆ ಕ್ಲಾಸಿಗೆ ಹೋಗೋದು ಬಿಡು," ಅಂದು ಫೋನಿಟ್ಟ.

ಮರುದಿನ ಭಾನುವಾರ. ಬೆಳಗ್ಗೆಯೇ ಖಡಕಿಗೆ ಹೋದೆ. ಮಲ್ಲು ಆಗಲೇ ಪಟಕ್ಕೆ ಕಟ್ಟು ಹಾಕಿಸಿ ತಂದು ಸೋಫಾದ ಮೇಲೆ ಕೂರಿಸಿದ್ದ. ಅಪ್ಪ ಅದರ ಎದುರಿನ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ. ಅಪ್ಪನಿಗೆ ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ, ಮಾತು ಕಡಿಮೆ. ಅವ್ವ ಇದ್ದಾಗ ಅವನಿಗೆ ಮಾತಾಡುವ ಸರದಿ ಬರುತ್ತಿರಲಿಲ್ಲ, ಅವಳು ಹೋದ ಮೇಲೆ ಅವನಿಗೆ ಅದರ ಅಭ್ಯಾಸವೇ ತಪ್ಪಿತ್ತು. ನಾನು ಚಪ್ಪಲಿ ಬಿಟ್ಟವಳೇ ಶುರು ಮಾಡಿದೆ. ಗೆರೆ, ಬೆಳಕು, ಮೈಕಟ್ಟು, ಬಟ್ಟೆ ಎಲ್ಲ ಹೇಳಿದೆ. ನನ್ನ ಶನಿವಾರದ ವಿದ್ಯೆಯಲ್ಲಿ ಒಂದು ಕಾಳನ್ನೂ ಉಳಿಸಿಕೊಳ್ಳಲಿಲ್ಲ. ಮದುವೆಯ ಫೋಟೋವನ್ನೇ ದೊಡ್ಡದು ಮಾಡಿಸಿ ಹಾಕೋಣ ಅಂದೆ.

ಮಲ್ಲು ತಲೆ ಕೆರೆದುಕೊಂಡ. "ಆ ಫೋಟೋದಾಗ ಅವ್ವ ಬೈಲತ್ತಾಳ, ಅಕ್ಕಾ. ಅದಕ್ಕ ಹಾರ ಹಾಕೋದಾ?"

"ಬೈತಿದ್ಲಲ್ಲೋ!"

"ಹೌದು, ಬೈತಿದ್ಲು. ಮುಂಜಾನಿ ಎದ್ದಕೂಡ್ಲೆ ಬೈತಿದ್ಲು. ಹೋದ ಮ್ಯಾಲೂ ಗ್ವಾಡಿ ಮ್ಯಾಲಿಂದ ಬೈಸ್ಕೋಬೇಕಾ? ಒಂದು ಸಲ ನಕ್ಕೋತ ಕುಂತಿರ್ಲಿ ಬಿಡು."

ಅವನ ದನಿ ಒಡೆಯಿತು. ಅವ್ವನ ಕೊನೆಯ ದಿನಗಳಲ್ಲಿ ಅವಳ ಜೊತೆ ಇದ್ದವನು ಅವನೇ, ಆಗ ಅವಳು ಬೈಯುವುದನ್ನೂ ಬಿಟ್ಟಿದ್ದಳು. ಆದರೆ ನಾನು ಅವ್ವನ ಮಗಳು, ಹಿಡಿದದ್ದನ್ನು ಬಿಡುವವಳಲ್ಲ. "ಆಕಿ ಮುಖಾನೇ ತಗದು ನಗಸೋದು ಏನು ಪ್ರೀತೀನೋ? ಮತ್ತ ಇವು ಯಾರ ಬಂಗಾರ? ಇದು ಯಾರ ಕೊಳ್ಳು? ಯಾರದೋ ಮೈಗೆ ಅವ್ವನ ತಲಿ ಹಚ್ಚಿ, ಮ್ಯಾಲ ಬಂಗಾರ ಹೇರಿ, ಊರ ಮಂದಿ ಮುಂದ ಸುಳ್ಳು ತೋರಸ್ತೀರೇನು? ಇದನ್ನ ತಗೀಲೇಬೇಕು," ಅಂದೆ.

ಆಗ ಅಪ್ಪ ಪೇಪರು ಮಡಚಿದ.

"ಶಾಂತಾ," ಅಂದ. "ಬೋರಮಾಳ ತಗೀಬ್ಯಾಡವಾ."

ನಾನು ಅವನ ಕಡೆ ತಿರುಗಿದೆ.

"ಲಗ್ನ ಆದ ಹೊಸದಾಗ ಆಕಿಗ ಬೋರಮಾಳ ಮಾಡಸ್ತೀನಂತ ಅಂದಿದ್ದೆ. ನೀ ಹುಟ್ಟಿದಿ, ಇವ ಹುಟ್ಟಿದ. ಸಾಲಿ ಆಯ್ತು, ನಿನ್ನ ಲಗ್ನ ಆಯ್ತು, ಈ ಮನಿ ಆಯ್ತು. ಆಕಿ ಒಂದಿನಾನೂ ಕೇಳ್ಲಿಲ್ಲ. ಎಲ್ಲದಕ್ಕೂ ಬೈದಳು, ಅದೊಂದಕ್ಕ ಬೈಲಿಲ್ಲ." ಅಪ್ಪ ಪಟದ ಕಡೆ ನೋಡಿದ. "ನನ್ನ ಕೈಲೆ ಆಗ್ಲಿಲ್ಲ. ಅಂವ ಸ್ಟುಡಿಯೋದಾವ ಹಾಕ್ಯಾನ. ಇರ್ಲಿ."

ಇಷ್ಟು ಉದ್ದದ ಮಾತನ್ನು ನಾನು ಅಪ್ಪನ ಬಾಯಲ್ಲಿ ಎಂದೂ ಕೇಳಿರಲಿಲ್ಲ. ನನಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು. ಇದನ್ನು ಮೊದಲೇ ಹೇಳಬಾರದಿತ್ತೇ? ಇಷ್ಟು ಹೊತ್ತು ನೆರಳು ನೆರಳು ಅಂತ ನನ್ನ ಗಂಟಲು ಒಣಗಿಸಿಕೊಳ್ಳಲು ಬಿಟ್ಟು ಈಗ ಹೀಗೆ ಅಂದರೆ ನಾನು ಏನು ಹೇಳಬೇಕು? ಮಲ್ಲು ಅಡಿಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದ.

ಸ್ವಲ್ಪ ಹೊತ್ತಿನ ಮೇಲೆ ನಾನು ಪಟವನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದೆ. ಎಲ್ಲಿಗೆ ಅಂತ ಮಲ್ಲು ಕೇಳಿದ. ಸ್ಟುಡಿಯೋಕ್ಕೆ, ನಡಿ ಅಂದೆ. ಬಂಗಾರ ಇರಲಿ, ಪೈಠಣಿಯೂ ಇರಲಿ, ಆದರೆ ಹಾಕಿಕೊಂಡವಳು ನಮ್ಮವ್ವ ಆಗಿರಬೇಕು.

ಸ್ಟುಡಿಯೋದ ಮಾಲಕ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಐವತ್ತರ ಮರಾಠಿ ಗೃಹಸ್ಥ. ನನ್ನ ತಕರಾರು ಕೇಳಿ ಅವನಿಗೆ ಬೇಸರವೇನೂ ಆಗಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಕಪಾಟು ತೆರೆದು ತೋರಿಸಿದ. ಅದರೊಳಗೆ ಸಾಲಾಗಿ ತಲೆಯಿಲ್ಲದ ಹೆಂಗಸರು! ಪೈಠಣಿ ಉಟ್ಟವಳು, ಬಿಳಿ ಸೀರೆಯವಳು, ಒಂಬತ್ತು ಗಜದವಳು. ಪಕ್ಕದಲ್ಲಿ ತಲೆಯಿಲ್ಲದ ಗಂಡಸರು, ಕೋಟಿನವನು, ಜುಬ್ಬದವನು, ರುಮಾಲಿಗೆ ಜಾಗ ಬಿಟ್ಟವನು. ನಮ್ಮ ಪೈಠಣಿಯ ಮೇಲೆ ಬೆರಳಿಟ್ಟು, "ಸಗಳೇ ಹೇಚ ಘೇತಾತ," ಅಂದ. ಎಲ್ಲರೂ ಒಯ್ಯುವುದು ಇದನ್ನೇ. ಖಡಕಿಯ ಎಷ್ಟು ಗೋಡೆಗಳ ಮೇಲೆ ಎಷ್ಟು ಅವ್ವಂದಿರು ಇದೇ ಕೊರಳು ಹೊತ್ತುಕೊಂಡು ಕೂತಿದ್ದಾರೋ!

ಮೊದಲು ಮುಖ ಅಂದೆ. ಅವನು ಹಾಕಿದ್ದ ಬಿಳಿ ಬಣ್ಣ ತೆಗೆದ, ಅವ್ವನ ಕಪ್ಪು ಬಂತು. ಹಣೆಯ ಗೆರೆ ಬಂತು, ಹುಬ್ಬಿನ ಗುರುತು ಬಂತು. ಬಾಯಿಯ ವಿಷಯಕ್ಕೆ ನಾನೂ ಮಲ್ಲೂ ಅವನ ಬೆನ್ನ ಹಿಂದೆ ನಿಂತು ಬಹಳ ಹೊತ್ತು ಕಿತ್ತಾಡಿದೆವು. ಕೊನೆಗೆ ನಗುವೂ ಬೇಡ, ಬೈಗುಳವೂ ಬೇಡ, ತುಟಿ ಮುಚ್ಚಿರಲಿ ಅಂತ ರಾಜಿಯಾಯಿತು. ಅವ್ವ ಬೈಯುವ ಮೊದಲು ಒಂದು ಕ್ಷಣ ಹಾಗೇ ತುಟಿ ಮುಚ್ಚುತ್ತಿದ್ದಳು, ಅದು ಮಲ್ಲುಗೆ ನೆನಪಾಗಲಿಲ್ಲ, ನಾನು ಹೇಳಲೂ ಇಲ್ಲ.

ಆಮೇಲೆ ನೆರಳು. ಮಾಲಕ ಮೊದಲ ಬಾರಿಗೆ ಕನ್ನಡಕವನ್ನು ಮೂಗಿನ ಮೇಲೆ ಇಳಿಸಿದ. ನೋಡಿ, ಹೌದು ಅಂದ. ಅದಕ್ಕೇನಂತೆ, ಮೈಯನ್ನು ಬಲಕ್ಕಿದ್ದದ್ದು ಎಡಕ್ಕೆ ತಿರುಗಿಸಿದರಾಯಿತು ಅಂತ ಒಂದು ಗುಂಡಿ ಒತ್ತಿದ. ನೆರಳು ಸರಿಯಾಯಿತು. ಆದರೆ ಸೆರಗು ಎಡ ಹೆಗಲಿನಿಂದ ಬಲ ಹೆಗಲಿಗೆ ಹಾರಿ ಅವ್ವ ಗುಜರಾತದವಳಾದಳು. ಬೇಡ ಅಂದೆ. ಹಾಗಾದರೆ ತಲೆ ತಿರುಗಿಸೋಣ ಅಂದ. ತಿರುಗಿಸಿದ. ಹುಬ್ಬಿನ ಗಾಯ ಆ ಹುಬ್ಬಿನಿಂದ ಈ ಹುಬ್ಬಿಗೆ ಬಂತು. ಈ ಹೆಂಗಸನ್ನು ನಾನು ಎಂದೂ ನೋಡಿಲ್ಲ ಅನ್ನಿಸಿತು. ಅದೂ ಬೇಡ ಅಂದೆ. ಮಲ್ಲು ಹಣೆ ಹಣೆ ಬಡಿದುಕೊಂಡ. ನನ್ನ ಕಡೆಯಿಂದ ಮಾಲಕನ ಕ್ಷಮೆ ಕೇಳಿದ, ನಮ್ಮ ಅಕ್ಕ ಕ್ಲಾಸಿಗೆ ಹೋಗುತ್ತಾಳೆ ಅಂತ ಕಾರಣವನ್ನೂ ಕೊಟ್ಟ.

ಉಳಿದದ್ದು ಒಂದೇ ದಾರಿ, ಒಡವೆಯ ಹಳೆಯ ನೆರಳನ್ನು ಅಳಿಸಿ, ಒಂದೊಂದು ಮಣಿಗೂ ಹೊಸ ನೆರಳನ್ನು ಕೈಯಿಂದ ಹಾಕುವುದು. ಅವನು ನಿಟ್ಟುಸಿರು ಬಿಟ್ಟು ಕುರ್ಚಿ ಮುಂದೆ ಎಳೆದುಕೊಂಡ. ನಾನು ಅವನ ಹೆಗಲ ಮೇಲಿಂದ ಬಗ್ಗಿ, ಇಷ್ಟು ಕಪ್ಪು ಬೇಡ, ಇಲ್ಲಿ ಸಣ್ಣಗೆ, ಗಂಟಲ ಗುಳಿಯಲ್ಲಿ ಸ್ವಲ್ಪ ದಟ್ಟ, ಎಲುಬು ಎದ್ದಲ್ಲಿ ತೆಳ್ಳಗೆ ಅನ್ನುತ್ತ ನಿಂತೆ. ಅವನು ನಡುವೆ ಒಮ್ಮೆ ಮೌಸು ಬಿಟ್ಟು ನನ್ನನ್ನೇ ನೋಡಿದ. ಪಾಪ, ಅವನ ಜಾಗದಲ್ಲಿ ನಾನಿದ್ದರೆ ನನ್ನನ್ನು ಹೊರಗೆ ಹಾಕಿ ಶಟರ್ ಎಳೆಯುತ್ತಿದ್ದೆ. ಅವನು ಮಾತ್ರ ಮತ್ತೆ ಕೆಲಸಕ್ಕೆ ತಗುಲಿದ. ನೋಡನೋಡುತ್ತ ಬೋರಮಾಳ ಪಟದ ಮೇಲಿನಿಂದ ಇಳಿದು ಅವ್ವನ ಕೊರಳ ಮೇಲೆ ಕೂತಿತು. ಅಲ್ಲಿಯ ತನಕ ಗೊಣಗುತ್ತಿದ್ದ ಮಲ್ಲು ಹತ್ತಿರ ಬಂದು ಬಗ್ಗಿ ನೋಡಿದ.

ಹೊಸ ಪ್ರತಿ ತೆಗೆಸಿ, ಅದೇ ಕಟ್ಟಿನಲ್ಲಿ ಹಾಕಿಸಿಕೊಂಡು ಮನೆಗೆ ಬಂದೆವು. ಅಪ್ಪ ಕುರ್ಚಿಯಲ್ಲೇ ಇದ್ದ. ನಾನು ಪಟವನ್ನು ಅವನ ತೊಡೆಯ ಮೇಲೆ ಇಟ್ಟು, ಏನಾದರೂ ಹೇಳುತ್ತಾನೇನೋ ಎಂದು ಎದುರಿಗೆ ನಿಂತೆ. ಅಪ್ಪ ಪಂಚೆಯ ತುದಿಯಿಂದ ಗಾಜು ಒರಸಿದ. ಮುಖ ನೋಡಿದ. ಆಮೇಲೆ ಕೊರಳ ಹತ್ತಿರ ಬೆರಳು ತಂದು, ಸರದ ಕೆಳಗೆ, ನೆರಳು ಬಿದ್ದಲ್ಲಿ ಇಟ್ಟ.

"ಭಾರ ಆಗಿರಬೇಕು ಆಕಿಗ," ಅಂದ. "ರೂಢಿ ಇಲ್ಲಲ್ಲ."